ಮೂರನೇ ಗಲ್ಲಿಯ ಎಣಿಕೆ

ಮುಖರ್ಜಿ ನಗರ, ದೆಹಲಿ
20 ಆಗಸ್ಟ್ 2006

ಪ್ರೀತಿಯ ಅಪ್ಪನಿಗೆ, ವೈಜಯಂತಿಯ ನಮಸ್ಕಾರಗಳು.

ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮ ನನ್ನ ಊಟ, ನನ್ನ ಕೂದಲು, ನನ್ನ ಕೆಮ್ಮು ಇಷ್ಟನ್ನೇ ವಿಚಾರಿಸಿ ಇಟ್ಟುಬಿಡುತ್ತಾಳೆ. ಕೆಲಸದ ಸುದ್ದಿಯನ್ನು ನಿಮಗೆ ಬರೆದೇ ತಿಳಿಸಬೇಕು.

ಮಳೆಗಾಲದ ಸರ್ವೆ ಶುರುವಾಯಿತು. ರೋಹಿಣಿಯ ಒಂದು ಸೆಕ್ಟರ್‌ನಲ್ಲಿ ಹತ್ತು ಗಲ್ಲಿ, ಗಲ್ಲಿಗೆ ನಲವತ್ತರಂತೆ ನಾನೂರು ಮನೆ ಆರಿಸಿಕೊಂಡಿದ್ದೇವೆ. ಪ್ರತಿ ಮನೆಯಲ್ಲೂ ಕೂಲರ್, ಡ್ರಮ್ಮು, ಹೂಕುಂಡದ ತಟ್ಟೆ, ತಾರಸಿಯ ಟ್ಯಾಂಕು, ನೀರು ನಿಲ್ಲುವ ಎಲ್ಲವನ್ನೂ ನೋಡಿ, ಡೆಂಗಿ ಸೊಳ್ಳೆಯ ಮರಿಗಳನ್ನು ಎಣಿಸಿ, ಮನೆ ನಂಬರಿನ ಎದುರು ಬರೆಯಬೇಕು. ಮರಿ ಸಿಕ್ಕ ನೀರನ್ನು ಅಲ್ಲೇ ಚೆಲ್ಲಿಸಬೇಕು. ಆಮೇಲೆ ಎಣಿಕೆಯನ್ನೆಲ್ಲ ನಕ್ಷೆಯ ಮೇಲೆ ಇಡುತ್ತೇವೆ. ಸೊಳ್ಳೆ ಎಷ್ಟಿವೆ ಅನ್ನುವುದಕ್ಕಿಂತ ಎಲ್ಲೆಲ್ಲಿವೆ, ಒಂದೇ ಕಡೆ ಗುಂಪಾಗಿವೆಯೋ ಎಲ್ಲ ಕಡೆ ಚದುರಿವೆಯೋ ಅನ್ನುವುದು ನನ್ನ ಪಿಎಚ್‌ಡಿ ಗೈಡ್ ಮಾಥುರ್ ಮೇಡಂ ಅವರ ಪ್ರಶ್ನೆ. ಅದು ಗೊತ್ತಾದರೆ ಮುಂದಿನ ವರ್ಷ ಊರಿಗೆಲ್ಲ ಹೊಗೆ ಹಾಕುವ ಬದಲು ಬೇಕಾದ ಮನೆಗಳಿಗೆ ಮಾತ್ರ ಹೋಗಬಹುದು.

ಜೋಡಿಯಾಗಿ ತಿರುಗುತ್ತೇವೆ. ನನ್ನ ಜೋಡಿ ಓಂವತಿ ಅಂತ, ಐವತ್ತೆರಡು ವರ್ಷ, ಸೋನಿಪತ್ ಕಡೆಯವರು. ಹದಿನೆಂಟು ವರ್ಷದಿಂದ ಇದೇ ಕೆಲಸ. ಸೌಟಿನಂಥ ಡಿಪ್ಪರಿನಲ್ಲಿ ನೀರೆತ್ತಿ ಮರಿ ಹಿಡಿಯುವವರು ಅವರು, ಎಣಿಸಿ ಬರೆಯುವವಳು ನಾನು. ಮನೆ ಮುಗಿದ ಮೇಲೆ ಕರೆಂಟ್ ಮೀಟರಿನ ಡಬ್ಬಿಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ತಾರೀಖು ಹಾಕುತ್ತಾರೆ. ಗಲ್ಲಿಗೊಂದು ಹಾಳೆ, ಹಾಳೆಯ ಕೆಳಗೆ ಇಬ್ಬರದೂ ಸಹಿ ಬೇಕು. ಓಂವತಿ ಹೆಸರು ಬರೆಯುವುದು ಬಲು ನಿಧಾನ. ಅದಕ್ಕೆ ಬೆಳಿಗ್ಗೆ ಹಾಜರಿ ಆದ ಕೂಡಲೇ ಖಾಲಿ ಹಾಳೆಗೇ ಸಹಿ ಹಾಕಿ ನನ್ನ ಕೈಗೆ ಕೊಟ್ಟುಬಿಡುತ್ತಾರೆ. ಇಲ್ಲಿ ಎಲ್ಲ ಜೋಡಿಯೂ ಹೀಗೇ ಮಾಡುವುದು.

ಅಮ್ಮನಿಗೆ ಕೆಮ್ಮು ವಾಸಿಯಾಗಿದೆ ಎಂದು ಹೇಳಿ.

ನಿಮ್ಮ ಮಗಳು,
ವೈಜಯಂತಿ


ಹಿರಿಯೂರು
29 ಆಗಸ್ಟ್ 2006

ಮಗಳು ವೈಜಯಂತಿಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಎರಡು ಸಲ ಓದಿದೆ. ಎರಡನೆಯ ಸಲ ನಿಮ್ಮಮ್ಮನಿಗೆ ಕೇಳಿಸುವಂತೆ ಓದಿದೆ. ಅವಳಿಗೆ ಅರ್ಥವಾದದ್ದು ಕೆಮ್ಮು ವಾಸಿಯಾದದ್ದು ಮಾತ್ರ.

ನಾನು ಮಲೇರಿಯಾ ಕಚೇರಿಯಲ್ಲಿ ಕೀಟ ಸಂಗ್ರಾಹಕನಾಗಿ ಮೂವತ್ತೊಂದು ವರ್ಷ ಆಯಿತು. ದನದ ಕೊಟ್ಟಿಗೆಯಲ್ಲಿ ಬಗ್ಗಿ ನಿಂತು, ಗಾಜಿನ ಕೊಳವೆ ಬಾಯಿಗಿಟ್ಟು ಸೊಳ್ಳೆ ಹೀರಿ ಹಿಡಿದು, ಎಷ್ಟು ಸಿಕ್ಕವು ಎಂದು ಮೇಲಕ್ಕೆ ಬರೆದು ಕಳಿಸಿದೆ. ಎಲ್ಲಿ ಸಿಕ್ಕವು ಎಂದು ಒಬ್ಬ ಸಾಹೇಬನೂ ಕೇಳಲಿಲ್ಲ. ನಿಮ್ಮ ಮೇಡಂ ಕೇಳಿದರಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ನಿನ್ನ ಎಣಿಕೆಯ ಹಾಳೆ ಒಂದೆರಡರ ಪ್ರತಿ ಮಾಡಿಸಿ ಕಳಿಸು. ದೆಹಲಿಯ ಸೊಳ್ಳೆಗೆ ನಮ್ಮ ಕಾಲುವೆ ದಂಡೆಯ ಸೊಳ್ಳೆಗಿಂತ ಬುದ್ಧಿ ಜಾಸ್ತಿ ಇದೆಯೋ ನೋಡೋಣ. ಮುಂದಿನ ಏಪ್ರಿಲ್‌ನಲ್ಲಿ ನನ್ನ ನಿವೃತ್ತಿ. ಅಷ್ಟರೊಳಗೆ ಏನಾದರೂ ಹೊಸದು ಕಲಿತರೆ ತಪ್ಪಿಲ್ಲ.

ಆ ಓಂವತಿಯವರಿಗೆ ನನ್ನ ನಮಸ್ಕಾರ ತಿಳಿಸು. ಅವರ ಮಂಡಿ ನೋಯುತ್ತಿರುತ್ತದೆ, ಕೇಳಿ ನೋಡು. ಈ ಕೆಲಸ ಮಾಡಿದ ಯಾರ ಮಂಡಿಯೂ ನೆಟ್ಟಗಿರುವುದಿಲ್ಲ.

ಇಂತಿ ನಿನ್ನ ತಂದೆ,
ತಿಪ್ಪೇಸ್ವಾಮಿ


ಮುಖರ್ಜಿ ನಗರ
17 ಸೆಪ್ಟೆಂಬರ್ 2006

ಅಪ್ಪನಿಗೆ ನಮಸ್ಕಾರಗಳು.

ಮೊದಲ ಮೂರು ಗಲ್ಲಿಗಳ ಹಾಳೆ ಈ ಕವರಿನಲ್ಲಿದೆ. ಅಕ್ಷರ ಕೆಟ್ಟದಾಗಿದ್ದರೆ ಬೈಯಬೇಡಿ, ಬಿಸಿಲಲ್ಲಿ ನಿಂತು ಬರೆದದ್ದು. ಓಂವತಿಯವರ ಮಂಡಿ ನಿಜವಾಗಿಯೂ ನೋಯುತ್ತದಂತೆ. ಅಪ್ಪನಿಗೆ ಹೇಗೆ ಗೊತ್ತು ಎಂದು ಕೇಳಿದರು, ನಾನು ನಕ್ಕು ಮಾತು ಬದಲಿಸಿದೆ.

ಗಣೇಶನ ಹಬ್ಬಕ್ಕೆ ನನ್ನ ರೂಮಿನ ಪ್ರೇರಣಾ ತನ್ನ ಮಾವ ದೇವೇಂದ್ರಪ್ಪನವರ ಮನೆಗೆ ಕರೆದುಕೊಂಡು ಹೋಗಿದ್ದಳು. ಅವರು ದೊಡ್ಡ ಕಂಪನಿಯಲ್ಲಿದ್ದಾರೆ. ಅವರ ಹೆಂಡತಿ ಶೈಲಜಾ ಆಂಟಿ ಕಡುಬು ಮಾಡಿದ್ದರು. ಅಮ್ಮನದಕ್ಕೆ ಸಮ ಬರಲಿಲ್ಲ ಎಂದು ಅಮ್ಮನಿಗೆ ಹೇಳಿ.

ಕೆಲಸ ಬಹಳ ಇದೆ. ಇಷ್ಟೇ ಸಾಕು.

ವೈಜಯಂತಿ


ಹಿರಿಯೂರು
28 ಸೆಪ್ಟೆಂಬರ್ 2006

ವೈಜಯಂತಿಗೆ ಅಪ್ಪನ ಆಶೀರ್ವಾದ.

ನಿನ್ನ ಹಾಳೆಗಳನ್ನು ಕಚೇರಿಯ ಕಿಟಕಿಯ ಹತ್ತಿರ ಹಿಡಿದುಕೊಂಡು ನಿಧಾನವಾಗಿ ನೋಡಿದೆ.

ಒಂದನೇ ಗಲ್ಲಿಯಲ್ಲಿ ಮೂವತ್ತಾರು ಮನೆ ಸೊನ್ನೆ. ಮೂರು ಮನೆಯಲ್ಲಿ ಹತ್ತಿಪ್ಪತ್ತು. ಒಂದು ಮನೆಯ ಕೂಲರಿನಲ್ಲಿ ನೂರ ನಲವತ್ತೆರಡು. ನೋಡಿ ಸಂತೋಷವಾಯಿತು. ನಮ್ಮ ಊರಲ್ಲೂ ಹೀಗೇ. ಕೇರಿಗೆ ಕೇರಿಯೇ ಶುದ್ಧವಾಗಿರುತ್ತದೆ, ಒಂದು ಮನೆಯ ಒಡೆದ ಬಾನಿಯಲ್ಲಿ ಇಡೀ ಊರಿಗೆ ಸಾಕಾಗುವಷ್ಟು ಇರುತ್ತವೆ. ಸೊಳ್ಳೆ ತನಗೆ ಒಗ್ಗಿದ ಒಂದೇ ನೀರಿಗೆ ಮತ್ತೆ ಮತ್ತೆ ಬಂದು ಮೊಟ್ಟೆ ಇಡುತ್ತದೆ. ಎರಡನೆಯ ಗಲ್ಲಿಯೂ ಹಾಗೇ ಇದೆ.

ಮೂರನೆಯದು ನನಗೆ ತಿಳಿಯಲಿಲ್ಲ. ಎರಡು, ಮೂರು, ಒಂದು, ಎರಡು, ಎರಡು, ಮೂರು. ನಲವತ್ತು ಮನೆಗೂ ಇಷ್ಟಿಷ್ಟು. ಸೊಸೈಟಿ ಅಂಗಡಿಯಲ್ಲಿ ಸಕ್ಕರೆ ಕೊಟ್ಟ ಹಾಗೆ ಯಾರ ಮನೆಗೂ ಅನ್ಯಾಯ ಆಗದಂತೆ ಸೊಳ್ಳೆ ಮರಿ ಇಟ್ಟಿದೆ. ಇಂಥ ಧರ್ಮಾತ್ಮ ಸೊಳ್ಳೆಯನ್ನು ನಾನು ಮೂವತ್ತೊಂದು ವರ್ಷದಲ್ಲಿ ಕಂಡಿಲ್ಲ. ದೊಡ್ಡ ಊರು, ಅಲ್ಲಿ ಬೇರೆ ಕಾರಣ ಇದ್ದರೂ ಇರಬಹುದು. ಓದಿದವಳು ನೀನು. ಏನೆಂದು ಬರೆ.

ನವರಾತ್ರಿಗೆ ನಿಮ್ಮಮ್ಮ ಒಬ್ಬಳೇ ಗೊಂಬೆ ಇಳಿಸಿದಳು.

ನಿನ್ನ ತಂದೆ,
ತಿಪ್ಪೇಸ್ವಾಮಿ


ಮುಖರ್ಜಿ ನಗರ
12 ಅಕ್ಟೋಬರ್ 2006

ಅಪ್ಪನಿಗೆ ನಮಸ್ಕಾರಗಳು.

ತಡವಾದದ್ದಕ್ಕೆ ಕ್ಷಮಿಸಿ. ಇಲ್ಲಿ ಡೆಂಗಿ, ಚಿಕುನ್‌ಗುನ್ಯಾ ಎರಡೂ ಜೋರಾಗಿವೆ. ಆಸ್ಪತ್ರೆಗಳಲ್ಲಿ ಒಂದು ಮಂಚಕ್ಕೆ ಇಬ್ಬಿಬ್ಬರನ್ನು ಮಲಗಿಸಿದ್ದಾರೆ. ನಾನು ಚೆನ್ನಾಗಿದ್ದೇನೆ.

ಮೂರನೇ ಗಲ್ಲಿಯದು ಪ್ರತಿ ಮಾಡುವಾಗ ಏನೋ ತಪ್ಪಾಗಿರಬೇಕು. ನೋಡಿ ಹೇಳುತ್ತೇನೆ.

ವೈಜಯಂತಿ


ಹಿರಿಯೂರು
20 ಅಕ್ಟೋಬರ್ 2006

ವೈಜಯಂತಿಗೆ ಆಶೀರ್ವಾದ. ಪತ್ರ ಮುಟ್ಟಿತು. ಪ್ರತಿಯಲ್ಲಿ ತಪ್ಪಿದ್ದರೆ ಮೂಲ ಹಾಳೆ ತೆಗೆದು ನೋಡು. ಅದರ ಕೆಳಗೆ ನಿನ್ನದಲ್ಲದೆ ಇನ್ನೊಬ್ಬರ ಸಹಿಯೂ ಇದೆ. ನಾಳೆ ದೀಪಾವಳಿ, ಎಣ್ಣೆ ನೀರು ಹಾಕಿಕೋ.

ತಿಪ್ಪೇಸ್ವಾಮಿ


ಮುಖರ್ಜಿ ನಗರ
5 ನವೆಂಬರ್ 2006

ಅಪ್ಪ,

ಪ್ರತಿಯಲ್ಲಿ ತಪ್ಪಿರಲಿಲ್ಲ. ಮೂರನೇ ಗಲ್ಲಿಯ ನಲವತ್ತು ಮನೆಗೂ ನಾನು ಹೋಗಲೇ ಇಲ್ಲ. ಅಷ್ಟನ್ನೂ ಪಾರ್ಕಿನ ಬೆಂಚಿನ ಮೇಲೆ ಕೂತು ಬರೆದೆ.

ಯಾಕೆ ಎಂದು ಹೇಳಬೇಕಾದರೆ ಗಣೇಶನ ಹಬ್ಬದಿಂದ ಹೇಳಬೇಕು. ಊಟಕ್ಕೆ ಕೂತಾಗ ದೇವೇಂದ್ರಪ್ಪನವರು ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ಆರೋಗ್ಯ ಇಲಾಖೆಯಲ್ಲಿ ವಿಜ್ಞಾನಿ, ಸೊಳ್ಳೆಗಳ ಮೇಲೆ ಸಂಶೋಧನೆ ಮಾಡಿದ್ದಾರೆ ಎಂದೆ. ಅದು ತಾನಾಗಿ ಬಾಯಿಗೆ ಬಂತು, ಕಾಲೇಜಿನಲ್ಲೂ ಹಾಗೇ ಹೇಳುತ್ತಿದ್ದೆ. ನೀನು ಎಂದರು. ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಲಸ ಎಂದೆ. ಶೈಲಜಾ ಆಂಟಿ ತಮ್ಮ ಮಕ್ಕಳಿಗೆ, ನೋಡಿ, ಓದಿದವರ ಮನೆಯ ಹುಡುಗಿ ಎಂದು ನನ್ನನ್ನು ತೋರಿಸಿದರು. ನಾನು ಇನ್ನೊಂದು ಕಡುಬು ಹಾಕಿಸಿಕೊಂಡೆ.

ಹತ್ತು ದಿನಕ್ಕೆ ಮೂರನೇ ಗಲ್ಲಿ ನಮ್ಮ ಪಾಲಿಗೆ ಬಂತು. ಅದರ ಮೊದಲನೆಯ ಮನೆಯೇ ಅವರದು. ಆಂಟಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದರು. ನಾನು ನೀಲಿ ಏಪ್ರನ್ ಹಾಕಿಕೊಂಡು, ಡಿಪ್ಪರ್ ಹಿಡಿದುಕೊಂಡು, ಬೇವಿನ ಮರದ ಹಿಂದೆ ನಿಂತೆ. ಹಿಂದಿನ ದಿನ ಒಂದು ಮನೆಯಾಕೆ ನಮ್ಮನ್ನು ಮುಂಬಾಗಿಲಿಂದ ಬಿಡದೆ, "ಮಚ್ಛರ್‌ವಾಲಿಯಾಂ ಆಯೀ ಹೈಂ" ಎಂದು, ಸೊಳ್ಳೆ ಹೆಂಗಸರು ಬಂದಿದ್ದಾರೆ ಅಂತ ಒಳಗೆ ಕೂಗಿ, ಹಿತ್ತಿಲ ಬಾಗಿಲಿಗೆ ಕಳಿಸಿದ್ದಳು. ಆಂಟಿಯ ಬಾಯಲ್ಲಿ ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಈ ಗಲ್ಲಿಯನ್ನು ಬೇರೆ ಜೋಡಿಗೆ ಕೊಟ್ಟಿದ್ದಾರಂತೆ, ನಿಮ್ಮ ಮಂಡಿ ಬೇರೆ ನೋಯುತ್ತಿದೆ, ಮನೆಗೆ ಹೋಗಿ ಎಂದು ಓಂವತಿಯವರನ್ನು ಕಳಿಸಿದೆ. ಉಳಿದ ಮೂವತ್ತೊಂಬತ್ತು ಮನೆಗಾದರೂ ಹೋಗಬಹುದಿತ್ತು. ಆದರೆ ಆ ಗಲ್ಲಿಯಲ್ಲಿ ಎಲ್ಲಿ ನಿಂತರೂ ಬಾಲ್ಕನಿಗೆ ಕಾಣುತ್ತದೆ. ಓಂವತಿಯವರ ಸಹಿ ಬೆಳಿಗ್ಗೆಯೇ ಬಿದ್ದಿತ್ತು. ಎಲ್ಲ ಸೊನ್ನೆ ಬರೆದರೆ ಅನುಮಾನ ಬರುತ್ತದೆ, ಒಂದೇ ಮನೆಗೆ ನೂರು ಬರೆದರೆ ಯಾರಾದರೂ ಹೋಗಿ ನೋಡುತ್ತಾರೆ ಎಂದು ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿದೆ.

ನೀವು ಕಣ್ಣಳತೆಯಲ್ಲಿ ಕಂಡದ್ದನ್ನು ಮೇಡಂ ಭಾಗಾಕಾರ ಮಾಡಿ ಕಂಡರು. ಮನೆಯಿಂದ ಮನೆಗೆ ಇರುವ ಏರಿಳಿತವನ್ನು ಸರಾಸರಿಯಿಂದ ಭಾಗಿಸುತ್ತಾರೆ. ಒಂದಕ್ಕಿಂತ ಬಹಳ ಹೆಚ್ಚು ಬಂದರೆ ಗುಂಪು. ಬೇರೆ ಗಲ್ಲಿಗಳಿಗೆಲ್ಲ ಅರವತ್ತು, ಎಂಬತ್ತು, ನೂರು ಬಂತು. ಮೂರನೆಯದಕ್ಕೆ ಅರ್ಧವೂ ಬರಲಿಲ್ಲ. ಸೂಪರ್‌ವೈಸರ್ ಹೋಗಿ ಮೀಟರ್ ಡಬ್ಬಿಗಳನ್ನು ನೋಡಿದ. ಒಂದರ ಮೇಲೂ ಕೆಂಪು ತಾರೀಖು ಇಲ್ಲ. ತಾರೀಖು ಹಾಕುವುದು ಓಂವತಿಯ ಕೆಲಸ, ಮನೆಯೊಳಗೆ ಹೋಗುವುದೂ ಅವರ ಕೆಲಸ. ಒಳಗೆ ಹೋಗದೆ ನನಗೆ ಸುಳ್ಳು ಸಂಖ್ಯೆ ಹೇಳಿದ್ದಾರೆ ಎಂದು ಅವನೇ ತೀರ್ಮಾನಿಸಿದ. ಅಕ್ಟೋಬರ್ ಹತ್ತೊಂಬತ್ತರ ಹಾಜರಿಯಲ್ಲಿ, ಉಳಿದ ಎಂಟು ಹೆಂಗಸರ ಎದುರು ಅವರನ್ನು ಕಳ್ಳಿ ಎಂದು ಕರೆದು, ಚೀಲ ಕಸಿದುಕೊಂಡು ಕಳಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತೀರಲ್ಲ, ಆ ಎತ್ತು ಎರಡನೆಯ ಸಾಲಿನಲ್ಲಿ ನಿಂತಿತ್ತು. ಓಂವತಿ ನನ್ನ ಮುಖವನ್ನು ಒಮ್ಮೆ ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ.

ಇವತ್ತಿಗೆ ಹದಿನೇಳು ದಿನ. ಆ ಗಲ್ಲಿಯ ಎರಡು ಮನೆಯಲ್ಲಿ ಡೆಂಗಿ ಆಗಿತ್ತು. ಒಬ್ಬ ಅಜ್ಜಿಗೆ ರಕ್ತ ಕೊಡಿಸಬೇಕಾಯಿತು, ಬದುಕಿದರು. ಹೋಗಿದ್ದರೆ ಅಲ್ಲಿಯ ನೀರು ಚೆಲ್ಲಿಸುತ್ತಿದ್ದೆವೋ ಏನೋ. ಈಗ ಚಳಿ ಬಂತು, ಆಗಿನ ಸೊಳ್ಳೆ ಈಗ ಎಣಿಸಲು ಸಿಗುವುದಿಲ್ಲ. ನನಗೆ ನಾಚಿಕೆಯಾಗುತ್ತಿದೆ ಅಪ್ಪ. ಅನ್ನ ಕಲಸಿದ ಕೈಯನ್ನೂ ನೋಡಲು ಆಗುತ್ತಿಲ್ಲ.

ಬೈದಾದರೂ ಬರೆಯಿರಿ.

ವೈಜಯಂತಿ


ಮುಖರ್ಜಿ ನಗರ
19 ನವೆಂಬರ್ 2006

ಅಪ್ಪ,

ನಿಮ್ಮಿಂದ ಪತ್ರ ಬಂದಿಲ್ಲ. ಇವತ್ತು ಅಮ್ಮನನ್ನು ಕೇಳಿದೆ, ಕೆಲಸಕ್ಕೆ ಹೋಗುತ್ತಾರೆ, ಬರುತ್ತಾರೆ, ಮಾತಿಲ್ಲ ಎಂದಳು.

ಮೇಡಂಗೆ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದರು. ಮೂರನೇ ಗಲ್ಲಿಯನ್ನು ನಕ್ಷೆಯಿಂದ ತೆಗೆದುಬಿಡೋಣ, ಓಂವತಿಯ ಜಾಗಕ್ಕೆ ಬೇರೆಯವರನ್ನು ಗೊತ್ತುಮಾಡಿಯಾಗಿದೆ, ನಿನ್ನ ಪಿಎಚ್‌ಡಿ ಹಾಳು ಮಾಡಿಕೊಳ್ಳಬೇಡ, ಈ ಮಾತು ಈ ಕೋಣೆಯಲ್ಲೇ ಇರಲಿ ಎಂದರು. ಮೆಟ್ಟಿಲು ಇಳಿಯುವಾಗ ನನ್ನ ಮೈ ಹಗುರವಾಗಿತ್ತು. ಬಸ್ಸು ಹತ್ತಿದ ಮೇಲೆ ಆ ಹಗುರಕ್ಕೇ ಮತ್ತಷ್ಟು ನಾಚಿಕೆಯಾಯಿತು.

ನಿನ್ನೆ ಓಂವತಿಯವರ ಮನೆ ಹುಡುಕಿಕೊಂಡು ರಿಠಾಲಾಕ್ಕೆ ಹೋದೆ. ಮೂಲಂಗಿ ತುರಿಯುತ್ತಿದ್ದರು. ನನ್ನನ್ನು ಹಗ್ಗದ ಮಂಚದ ಮೇಲೆ ಕೂರಿಸಿ, ನೀರು ಕೊಟ್ಟು, ಮತ್ತೆ ತುರಿಯಲು ಕೂತರು. ನನಗೆ ಬಂದ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ಗೊತ್ತಿತ್ತು ಬೇಟಿ," ಎಂದರು. "ಸೂಪರ್‌ವೈಸರ್ ಆ ಹಾಳೆ ತೋರಿಸಿದ ದಿನವೇ ಗೊತ್ತಾಯಿತು. ನೀನೇ ಹೇಳುತ್ತೀಯ ಅಂತ ನಿನ್ನ ಮುಖ ನೋಡಿದೆ."

ನೀವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಓದಿದವಳ ಮಾತಿನ ಎದುರು ನನ್ನ ಮಾತು ಯಾರು ಕೇಳುತ್ತಾರೆ, ಖಾಲಿ ಹಾಳೆಗೆ ಸಹಿ ಹಾಕಿದವಳೂ ನಾನೇ ತಾನೆ ಎಂದರು. ಮೇಡಂಗೆ ಹೇಳಿದ್ದೇನೆ, ನಿಮ್ಮನ್ನು ವಾಪಸ್ ಕರೆಸಲು ಇನ್ನೊಮ್ಮೆ ಕೇಳುತ್ತೇನೆ ಎಂದೆ. ಆಗ ತುರಿಮಣೆ ಪಕ್ಕಕ್ಕೆ ಸರಿಸಿದರು.

"ಮೇಡಂ ಕಿವಿಯಲ್ಲಿ ಹೇಳಿದ್ದು ಮೇಡಂ ಕಿವಿಯಲ್ಲೇ ಉಳಿಯಿತು. ನನ್ನನ್ನು ಕಳ್ಳಿ ಅಂದದ್ದು ಎಂಟು ಜನರ ಎದುರು. ಆ ಎಂಟು ಜನರೂ ನನ್ನ ಬೀದಿಯವರು, ನನ್ನ ನಲ್ಲಿಯಲ್ಲಿ ನೀರು ಹಿಡಿಯುವವರು. ಹೇಳುವುದಾದರೆ ಅಲ್ಲಿ ಹೇಳು. ಸೋಮವಾರ ನಾನು ಬಂದು ನಿಲ್ಲುತ್ತೇನೆ."

ಸೋಮವಾರ ಅಂದರೆ ನಾಳೆ. ಎಲ್ಲರೆದುರು ಹೇಳಿದರೆ ಮೇಡಂಗೂ ನನ್ನನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಇಷ್ಟು ವರ್ಷ ಓದಿದ್ದು ಅಲ್ಲಿಗೆ ಮುಗಿಯಿತು. ಭಯವಾಗುತ್ತಿದೆ ಎಂದು ಯಾರಿಗಾದರೂ ಹೇಳಬೇಕೆನಿಸಿತು, ನಿಮಗೆ ಬರೆದೆ.

ವೈಜಯಂತಿ


ಮುಖರ್ಜಿ ನಗರ
21 ನವೆಂಬರ್ 2006

ಅಪ್ಪ,

ಹೇಳಿದೆ.

ಓಂವತಿ ಗೇಟಿನ ಒಳಗೆ ಶಾಲು ಹೊದ್ದು ನಿಂತಿದ್ದರು. ಸೂಪರ್‌ವೈಸರ್ ಹೆಸರು ಕೂಗಿ ಮುಗಿಸಿದ ಮೇಲೆ ನಾನು ಮುಂದೆ ಹೋದೆ. ಮೂರನೇ ಗಲ್ಲಿಗೆ ಓಂವತಿಯವರನ್ನು ಹೋಗಲು ಬಿಡದವಳು ನಾನು, ಸಂಖ್ಯೆ ಬರೆದವಳೂ ನಾನು, ಅವರ ಸಹಿಯನ್ನು ದುರುಪಯೋಗ ಮಾಡಿದೆ ಎಂದೆ. ಸೂಪರ್‌ವೈಸರ್ ಅರ್ಧದಲ್ಲೇ ಸಾಕು, ಸಾಕು, ನಡೆಯಿರಿ ಎಂದ. ಪೂರ್ತಿ ಹೇಳಲಿ ಎಂದರು ಓಂವತಿ. ಯಾಕೆ ಹೀಗೆ ಮಾಡಿದೆ ಎಂದು ಒಬ್ಬಾಕೆ ಕೇಳಿದರು. ಪರಿಚಯದವರ ಕಣ್ಣಿಗೆ ಈ ಕೆಲಸ ಮಾಡುತ್ತ ಬೀಳಲು ನಾಚಿಕೆಯಾಯಿತು ಎಂದೆ. ಹೇಳಿದ ಮೇಲೆ ಹೊಳೆಯಿತು, ನನ್ನ ಎದುರು ನಿಂತ ಎಂಟು ಜನರೂ ಅದೇ ನೀಲಿ ಏಪ್ರನ್ ಹಾಕಿದ್ದರು. ನಮ್ಮಪ್ಪನೂ ಇದೇ ಕೆಲಸದವರು ಎಂದು ಸೇರಿಸಿದೆ. ಅದರಿಂದ ಯಾರ ಮುಖವೂ ಸಡಿಲವಾಗಲಿಲ್ಲ. "ಹಾಗಾದರೆ ಅಪ್ಪನನ್ನು ಕಂಡರೂ ನಾಚಿಕೆಯೇ?" ಎಂದು ಆಕೆಯೇ ಕೇಳಿದರು. ನಾನು ಹೌದು ಎಂದೆ.

ಓಂವತಿ ಗೋಡೆಯ ಮೊಳೆಯಿಂದ ತಮ್ಮ ಚೀಲ ತೆಗೆದುಕೊಂಡು ಸಾಲಿನಲ್ಲಿ ನಿಂತರು. ಸೂಪರ್‌ವೈಸರ್ ಬೇಡ ಎನ್ನಲಿಲ್ಲ. ಓಂವತಿ ನನ್ನ ಕಡೆ ನೋಡಲೂ ಇಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಮಧ್ಯಾಹ್ನ ಮೇಡಂ ಕರೆಸಿ ರಾಜೀನಾಮೆ ಬರೆಸಿಕೊಂಡರು. ಡಿಸೆಂಬರ್ ಹದಿನೈದರವರೆಗೆ ಕಾಗದಪತ್ರ ಒಪ್ಪಿಸಬೇಕು. ಪ್ರೇರಣಾಗೂ ನಿಮ್ಮ ಕೆಲಸ ಏನೆಂದು ಹೇಳಿದೆ. ಓ, ಅಷ್ಟೇನಾ ಎಂದು ಅವಳು ಪುಸ್ತಕಕ್ಕೆ ತಿರುಗಿದಳು.

ಎರಡು ಪತ್ರಕ್ಕೆ ನೀವು ಉತ್ತರ ಬರೆದಿಲ್ಲ. ನಾನು ಮನೆಗೆ ಬರಬಹುದೇ ಅಪ್ಪ?

ವೈಜಯಂತಿ


ಹಿರಿಯೂರು
3 ಡಿಸೆಂಬರ್ 2006

ಮಗಳು ವೈಜಯಂತಿಗೆ,

ಇದು ನಾನು ಬರೆಯುತ್ತಿರುವ ಐದನೆಯ ಕಾಗದ. ಮೊದಲಿನ ನಾಲ್ಕರಲ್ಲಿ ಬರೀ ಬೈಗುಳ ಇತ್ತು, ಹರಿದು ಹಾಕಿದೆ. ಆ ಹೆಂಗಸಿಗೆ ನೀನು ಮಾಡಿದ್ದಕ್ಕೆ ನನ್ನ ಹತ್ತಿರ ಸಮಾಧಾನದ ಮಾತು ಇಲ್ಲ. ಕೊನೆಗೆ ಹೇಳಿದೆಯಲ್ಲ, ಅಷ್ಟರ ಮಟ್ಟಿಗೆ ಊಟ ಸೇರಿತು.

ನಿನ್ನ ಪತ್ರಗಳನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ವಿಜ್ಞಾನಿ ಎಂದಿದ್ದೆಯಲ್ಲ, ಆ ಸಾಲು ಮಾತ್ರ ಬಿಟ್ಟು ಓದಿದೆ. ಇಷ್ಟು ದಿನ ಬರೆಯದೆ ಇದ್ದದ್ದೂ ಆ ಒಂದು ಸಾಲಿಗೇ. ಮನಸ್ಸಿಗೆ ಬಹಳ ನೋವಾಯಿತು, ಮುಚ್ಚಿಡುವುದಿಲ್ಲ.

ಆದರೆ ನಾನೂ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಮಗಳು ದೆಹಲಿಯಲ್ಲಿ ಆಫೀಸರ್, ಕೈಕೆಳಗೆ ಹತ್ತು ಜನ, ಅವಳದು ಸಹಿ ಹಾಕುವುದಷ್ಟೇ ಕೆಲಸ ಎಂದು ಹೇಳಿಕೊಂಡು ತಿರುಗಿದ್ದೇನೆ. ಮನೆ ಮನೆ ತಿರುಗುತ್ತಾಳೆ ಎಂದು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ನಿಮ್ಮಮ್ಮನಿಗೂ ಹೇಳಬೇಡ ಎಂದಿದ್ದೆ. ನೀನು ಒಂದು ಬಾಲ್ಕನಿಗೆ ಹೆದರಿದೆ, ನಾನು ಚಹಾ ಅಂಗಡಿಗೆ ಹೆದರಿದೆ.

ಇನ್ನೂ ಹಳೆಯದು ಒಂದಿದೆ. ನೀನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಿಮ್ಮ ಶಾಲೆಯ ನೀರಿನ ತೊಟ್ಟಿ ನೋಡಲು ಬಂದಿದ್ದೆ. ನಾನು ತೊಟ್ಟಿಗೆ ಬಗ್ಗಿದ್ದನ್ನು ನೋಡಿ ಹುಡುಗಿಯರು ನಗುತ್ತಿದ್ದರು. ಅವರ ನಡುವೆ ನೀನಿದ್ದೆ. ನೀನು ತಲೆ ತಗ್ಗಿಸಿದೆ. ನಾನೂ ನಿನ್ನನ್ನು ಕಂಡೂ ಕಾಣದವನ ಹಾಗೆ ಪಕ್ಕದಲ್ಲೇ ಹಾದುಹೋದೆ. ಮಗಳ ಮರ್ಯಾದೆ ಉಳಿಸಿದೆ ಎಂದು ಆ ದಿನವೆಲ್ಲ ಹೆಮ್ಮೆಪಟ್ಟೆ. ಅಪ್ಪನ ಕೆಲಸ ಮುಚ್ಚಿಡುವಂಥದ್ದು ಎಂದು ನಿನಗೆ ಕಲಿಸಿಕೊಟ್ಟದ್ದು ಆವತ್ತು ನಾನೇ. ಈ ತಿಂಗಳೆಲ್ಲ ಅದೇ ಯೋಚನೆ.

ಬರಬಹುದೇ ಎಂದು ಕೇಳಿದ್ದೀಯ. ನಿನ್ನ ಮನೆಗೆ ಬರಲು ಯಾರ ಅಪ್ಪಣೆ ಬೇಕು? ಬರುವ ಮುಂಚೆ ಇನ್ನೊಮ್ಮೆ ರಿಠಾಲಾಕ್ಕೆ ಹೋಗಿ ಬಾ. ಅವರು ಮಾತಾಡಿಸದಿದ್ದರೂ ಹೋಗಿ ಬಾ. ಬೆಂಗಳೂರಿನಿಂದ ಬೆಳಗಿನ ಬಸ್ಸು ಹಿಡಿದರೆ ಹನ್ನೊಂದು ಗಂಟೆಗೆ ಹಿರಿಯೂರು. ಅದು ನನ್ನ ಕೆಲಸದ ಹೊತ್ತು, ಖಾಕಿ ಅಂಗಿಯಲ್ಲೇ ಇರುತ್ತೇನೆ, ಹೆಗಲಲ್ಲಿ ಕೊಳವೆಯ ಚೀಲ ಇರುತ್ತದೆ. ಚಹಾ ಅಂಗಡಿಯ ಮುಂದೆಯೇ ನಿಂತು ನಿನ್ನ ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತೇನೆ. ಓಗೊಡು ಮಗಳೇ.

ನಿನ್ನ ಅಪ್ಪ,
ತಿಪ್ಪೇಸ್ವಾಮಿ, ಕೀಟ ಸಂಗ್ರಾಹಕ